ಕಡ್ಲಿ ಎಲೆ ಮೇಲೆ ಅಕ್ಕಿಕಾಳಿನಂಥ ಪಟ್ಟೆ ಗೂಡು: ಇದು ಯಾವ ಹುಳದ್ದು?

ಆಳಂದ_ಹೊಲ | ನವೆಂಬರ್ 24, ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ನಮ್ಮದು ಆಳಂದ ತಾಲ್ಲೂಕು. ನಾಲ್ಕು ಎಕರೆ ತೊಗರಿ, ಎರಡು ಎಕರೆ ಕಡ್ಲಿ ಇದೆ. ಕಡ್ಲಿ ಬಿತ್ತಿ 40 ದಿನ ಆಯಿತು. ಹಸಿರು ಕೀಡೆ ಶುರುವಾಗಿದೆ, ಆದರೆ ಇನ್ನೂ ಸಣ್ಣವು.

ಇವತ್ತು ಬೆಳಿಗ್ಗೆ ಎಲೆಗಳ ಮಧ್ಯೆ ಒಂದು ವಿಚಿತ್ರ ವಸ್ತು ಕಂಡಿತು. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ. ಬೂದು ಬಿಳುಪು ಬಣ್ಣ, ಮೈಮೇಲೆ ಕಪ್ಪು ಕಪ್ಪು ಪಟ್ಟೆ. ಎಲೆಗೆ ಅಂಟಿಕೊಂಡಿದೆ, ಬೆರಳಿನಿಂದ ತಳ್ಳಿದರೆ ಸುಲಭಕ್ಕೆ ಬರುವುದಿಲ್ಲ. ಅದರ ಪಕ್ಕದಲ್ಲೇ ಒಣಗಿದ ಕೀಡೆಯ ಚರ್ಮ. ತಲೆ ಮಾತ್ರ ಗುರುತು ಸಿಗುತ್ತದೆ, ಉಳಿದದ್ದು ಖಾಲಿ ಚೀಲದ ಹಾಗೆ. ಹತ್ತು ಸಾಲು ನಡೆಯುವಷ್ಟರಲ್ಲಿ ಇಂಥವು ಏಳು ಸಿಕ್ಕವು.

ಅಪ್ಪ ನೋಡಿ "ಇವು ಕೀಡಿ ತತ್ತಿ, ಹೊಸಕಿ ಹಾಕು" ಅಂದರು. ಎರಡು ಹೊಸಕಿಯೂ ಬಿಟ್ಟರು. ನಾಳೆ ಎಣ್ಣೆ (ಕೀಟನಾಶಕ) ಹೊಡೆಯಬೇಕು ಅಂತ ಪಂಪಿಗೂ ಹೇಳಿ ಬಂದಿದ್ದಾರೆ. ನನಗೆ ಯಾಕೋ ಇದು ತತ್ತಿ ಅಲ್ಲ ಅನ್ನಿಸುತ್ತಿದೆ. ಫೋಟೋ ಹಾಕಿದ್ದೇನೆ. ಗೊತ್ತಿದ್ದವರು ಬೇಗ ಹೇಳಿ.

ರೆಕ್ಕೆನರ | ನವೆಂಬರ್ 24, ಬೆಳಿಗ್ಗೆ 10.02

ತಮ್ಮಾ, ಹೊಸಕಬೇಡಿ! ಅಪ್ಪಾಜಿಗೆ ಮೊದಲು ಇದನ್ನು ಹೇಳಿ, ಆಮೇಲೆ ಉಳಿದದ್ದು ಓದಿ.

ಅದು ಕೀಡೆಯ ತತ್ತಿ ಅಲ್ಲ. ಕೀಡೆಯನ್ನು ಕೊಂದ ಕಣಜದ ಗೂಡು. ಹಸಿರು ಕೀಡೆಯ, ಅಂದರೆ ಹೆಲಿಕೋವರ್ಪಾದ, ಚಿಟ್ಟೆ ಒಂದೊಂದೇ ತತ್ತಿ ಇಡುತ್ತದೆ. ಅದು ದುಂಡಗೆ ಇರುತ್ತದೆ, ಗಸಗಸೆ ಕಾಳಿನಷ್ಟು. ಮೊದಲು ಹಳದಿ ಬಿಳುಪು, ಒಡೆಯುವ ಮುಂಚೆ ಕಂದು. ನಿಮ್ಮ ಫೋಟೋದಲ್ಲಿ ಇರುವುದು ಉದ್ದಕ್ಕಿದೆ, ರೇಷ್ಮೆಯ ಹಾಗೆ ನೇಯ್ದಿದೆ, ಪಟ್ಟೆ ಇದೆ. ಪಕ್ಕದಲ್ಲಿ ಬರಿದಾದ ಕೀಡೆಯ ಚರ್ಮ ಇದೆ ಅಂದರೆ ಇನ್ನು ಸಂಶಯ ಬೇಡ.

ಇದರ ಹೆಸರು ಕ್ಯಾಂಪೊಲೆಟಿಸ್ ಕ್ಲೋರಿಡಿಯೆ. ಇಕ್ನ್ಯೂಮೊನಿಡೆ ಅನ್ನುವ ಕುಟುಂಬದ್ದು. ಕಡಲೆ ಹೊಲದಲ್ಲಿ ಸಣ್ಣ ಕೀಡೆಗಳ ಮೇಲೆ ಇದರಷ್ಟು ಕೆಲಸ ಮಾಡುವ ಕಣಜ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ. ನವೆಂಬರ್, ಡಿಸೆಂಬರ್ ಅದರ ಕಾಲ.

ಎರಡು ಹೋದವು, ಹೋಗಲಿ. ಉಳಿದ ಐದನ್ನು ಎಲೆ ಸಮೇತ ಕತ್ತರಿಸಿ. ಒಂದೊಂದಕ್ಕೆ ಒಂದೊಂದು ಸಣ್ಣ ಬಾಟಲಿ. ಗುಳಿಗೆ ಡಬ್ಬಿ ಆದರೂ ನಡೆಯುತ್ತದೆ. ಬಾಯಿಗೆ ತೆಳು ಬಟ್ಟೆ ಕಟ್ಟಿ, ನೆರಳಲ್ಲಿ ಇಡಿ. ನೀರು ಹಾಕಬೇಡಿ, ಬೂಸು ಹಿಡಿಯುತ್ತದೆ. ಒಂದು ವಾರ, ಚಳಿ ಜಾಸ್ತಿ ಇದ್ದರೆ ಇನ್ನೆರಡು ದಿನ. ಏನು ಹೊರಗೆ ಬರುತ್ತದೆ ನೋಡೋಣ. ಗೂಡು ನೋಡಿ ಹೆಸರು ಹೇಳುವುದು ಒಂದು, ಕಣಜ ನೋಡಿ ಹೇಳುವುದು ಇನ್ನೊಂದು.

ಆಳಂದ_ಹೊಲ | ನವೆಂಬರ್ 24, ಮಧ್ಯಾಹ್ನ 1.30

ಅಕ್ಕಾ, ತುಂಬಾ ಥ್ಯಾಂಕ್ಸ್. ಐದನ್ನೂ ತಂದಿದ್ದೇನೆ. ಸಂಜೆ ಅಪ್ಪನೇ ಇನ್ನೆರಡು ತಂದು ಕೊಡುತ್ತೇನೆ ಅಂದಿದ್ದಾರೆ. ಎಣ್ಣೆ ಹೊಡೆಯುವುದನ್ನು ಎರಡು ದಿನ ಮುಂದಕ್ಕೆ ಹಾಕಿದೆವು.

ಆದರೆ ಒಂದು ಕೇಳಬೇಕು. ಅಪ್ಪನ ಪ್ರಶ್ನೆಯೇ ಇದು: "ಕಣಜ ಕೀಡಿ ತಿಂತದ ಅಂದ್ರ ಹೊರಗಿಂದ ತಿನ್ನಬೇಕಲ್ಲ? ಚರ್ಮ ಹಂಗ ಉಳಿದು ಒಳಗಿಂದ ಹೆಂಗ ಖಾಲಿ ಆಯ್ತು?"

ರೆಕ್ಕೆನರ | ನವೆಂಬರ್ 24, ರಾತ್ರಿ 9.15

ಅಪ್ಪಾಜಿ ಸರಿಯಾದ ಪ್ರಶ್ನೆ ಕೇಳಿದ್ದಾರೆ. ಇಡೀ ಕಥೆ ಅದರಲ್ಲೇ ಇದೆ.

ದೊಡ್ಡ ಕಣಜ ಕೀಡೆಯನ್ನು ಕಚ್ಚಿ, ಮುದ್ದೆ ಮಾಡಿ ಗೂಡಿಗೆ ಒಯ್ಯುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಬೇಟೆ. ಇದು ಹಾಗಲ್ಲ. ಬೆಳೆದ ಕ್ಯಾಂಪೊಲೆಟಿಸ್ ಕೀಡೆಯನ್ನು ತಿನ್ನುವುದೇ ಇಲ್ಲ. ಹೂವಿನ ಮಕರಂದ ಕುಡಿದು ಬದುಕುತ್ತದೆ. ತಿನ್ನುವುದು ಅದರ ಮರಿ.

ಹೆಣ್ಣು ಕಣಜ ಕಡಲೆ ಎಲೆಗಳ ಮೇಲೆ ಮೀಸೆ ಬಡಿಯುತ್ತಾ ಓಡಾಡುತ್ತದೆ. ಕೀಡೆ ಕಚ್ಚಿದ ಎಲೆಯ ವಾಸನೆ, ಕೀಡೆಯ ಹಿಕ್ಕೆಯ ವಾಸನೆ ಅದಕ್ಕೆ ದಾರಿ ತೋರಿಸುತ್ತವೆ. ಬೇಕಾದ್ದು ಸಣ್ಣ ಕೀಡೆ. ಎರಡನೇ ಹಂತದ್ದು, ಇಲ್ಲವೇ ಆಗತಾನೇ ಮೂರನೇ ಹಂತಕ್ಕೆ ಬಂದದ್ದು. ಸಿಕ್ಕ ಕೂಡಲೇ ಹೊಟ್ಟೆಯನ್ನು ಮುಂದಕ್ಕೆ ಬಗ್ಗಿಸಿ ಒಂದು ಸಲ ಚುಚ್ಚುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಳಗೆ ಒಂದು ಮೊಟ್ಟೆ ಹೋಗಿರುತ್ತದೆ.

ಈಗ ಕೀಡೆಗೂ ಕಾವಲು ಇದೆ. ಅದರ ರಕ್ತದಲ್ಲಿರುವ ಕಣಗಳು ಹೊರಗಿನ ವಸ್ತು ಬಂದರೆ ಅದನ್ನು ಸುತ್ತುಗಟ್ಟಿ, ಪದರ ಪದರವಾಗಿ ಮುಚ್ಚಿ ಸಾಯಿಸುತ್ತವೆ. ಮೊಟ್ಟೆಗೆ ಹಾಗೆ ಆಗಬಾರದು ಅಲ್ವಾ? ಅದಕ್ಕೆ ತಾಯಿ ಕಣಜ ಮೊಟ್ಟೆಯ ಜೊತೆಗೆ ವೈರಸ್ ಕಣಗಳನ್ನೂ ಸೇರಿಸಿ ಬಿಡುತ್ತದೆ. ಈ ವೈರಸ್‌ನ ಜೀನುಗಳು ಕಣಜದ ಸ್ವಂತ ಜೀನುಗಳ ಸಾಲಿನಲ್ಲೇ ಸೇರಿಹೋಗಿವೆ. ತಾಯಿಯಿಂದ ಮಗಳಿಗೆ ಬರುತ್ತವೆ. ಕಣ ತಯಾರಾಗುವುದು ಹೆಣ್ಣು ಕಣಜದ ಅಂಡಾಶಯದಲ್ಲಿ ಮಾತ್ರ. ಕೀಡೆಯೊಳಗೆ ಹೋದ ಮೇಲೆ ಅದು ತಾನು ಹೆಚ್ಚುವುದಿಲ್ಲ, ಕಾವಲು ಕಣಗಳ ಕೆಲಸ ಕೆಡಿಸುತ್ತದೆ. ಕಾವಲುಗಾರ ನಿದ್ದೆಗೆ ಹೋದ, ಮೊಟ್ಟೆ ಒಡೆಯಿತು. ಇಕ್ನ್ಯೂಮೊನಿಡೆ ಕಣಜಗಳದ್ದಕ್ಕೆ ಇಕ್ನೋವೈರಸ್ ಅಂತ ಹೆಸರು. ಓದುವ ಕಾಲಕ್ಕೆ ಇದನ್ನು ಮೊದಲ ಸಲ ಕೇಳಿದಾಗ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಮರಿ ಒಳಗೇ ಬೆಳೆಯುತ್ತದೆ. ಕೀಡೆ ಸಾಯುವುದಿಲ್ಲ, ಓಡಾಡುತ್ತಿರುತ್ತದೆ. ಆದರೆ ತಿನ್ನುವುದು ಕಡಿಮೆ, ಬೆಳೆಯುವುದೂ ಕಡಿಮೆ. ಒಂದು ವಾರ, ಎಂಟು ದಿನಕ್ಕೆ ಮರಿ ಒಳಗಿನದನ್ನೆಲ್ಲ ಮುಗಿಸಿ ಚರ್ಮ ಹರಿದು ಹೊರಬರುತ್ತದೆ, ಪಕ್ಕದಲ್ಲೇ ಗೂಡು ನೇಯುತ್ತದೆ. ನಿಮಗೆ ಸಿಕ್ಕಿದ್ದು ಆ ಗೂಡು. ಪಕ್ಕದಲ್ಲಿರುವ ಚೀಲ, ಕೀಡೆಯಲ್ಲಿ ಉಳಿದದ್ದು.

ರೈತರಿಗೆ ಮುಖ್ಯವಾದದ್ದು ಇದು: ಆ ಕೀಡೆ ಕಾಯಿ ಕೊರೆಯುವ ವಯಸ್ಸಿಗೆ ಬರಲೇ ಇಲ್ಲ.

ಚಿತ್ತಾಪುರ_ಹುಡುಗಿ | ನವೆಂಬರ್ 25, ಬೆಳಿಗ್ಗೆ 7.45

ಅಕ್ಕಾ, ಓದಿ ಮೈ ಜುಮ್ಮೆಂದಿತು. ಬದುಕಿರುವಾಗಲೇ ಒಳಗಿಂದ ತಿನ್ನುವುದು! ನಾನು ಬಿಎಸ್ಸಿ ಎರಡನೇ ವರ್ಷ. ನಮ್ಮ ಪಾಠದಲ್ಲಿ 'ಪರಾವಲಂಬಿ' ಅಂತ ಒಂದು ಸಾಲು ಬಂದು ಹೋಯಿತು, ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಹೇನು, ಜಂತುಹುಳಕ್ಕೂ ಇದಕ್ಕೂ ಏನು ವ್ಯತ್ಯಾಸ?

ರೆಕ್ಕೆನರ | ನವೆಂಬರ್ 25, ಬೆಳಿಗ್ಗೆ 8.20

ಹೇನು ನಮ್ಮ ರಕ್ತ ಕುಡಿಯುತ್ತದೆ, ಆದರೆ ನಾವು ಬದುಕಿರಬೇಕು ಅದಕ್ಕೆ. ಈ ಕಣಜದ ಮರಿ ಬೆಳೆದು ಮುಗಿಯುವಾಗ ಆಸರೆ ಕೊಟ್ಟ ಜೀವ ಸಾಯಲೇಬೇಕು. ಹಾಗಾಗಿ ಇದು ಅತ್ತ ಹೇನಿನಂತೆ ಪೂರ್ತಿ ಪರಾವಲಂಬಿಯೂ ಅಲ್ಲ, ಇತ್ತ ಹುಲಿಯಂತೆ ಬೇಟೆಗಾರನೂ ಅಲ್ಲ. ನಮ್ಮ ಕೃಷಿ ಇಲಾಖೆಯವರು 'ಪರತಂತ್ರ ಜೀವಿ' ಅನ್ನುತ್ತಾರೆ.

ಮೈ ಜುಮ್ಮೆಂದಿದ್ದು ನಿಮಗೊಬ್ಬರಿಗೇ ಅಲ್ಲ. ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಆಸಾ ಗ್ರೇಗೆ ಬರೆದ ಪತ್ರದಲ್ಲಿ ಇದೇ ಕುಟುಂಬದ ಹೆಸರು ಎತ್ತಿದ್ದ. ಕೀಡೆಯ ಜೀವಂತ ದೇಹವನ್ನು ಒಳಗಿಂದ ತಿನ್ನಲಿ ಎಂದೇ ಕರುಣಾಮಯಿ ದೇವರು ಇಕ್ನ್ಯೂಮೊನಿಡೆಯನ್ನು ಸೃಷ್ಟಿಸಿದ ಅಂತ ನಂಬಲು ತನ್ನಿಂದ ಆಗುತ್ತಿಲ್ಲ ಅನ್ನುವ ಅರ್ಥದಲ್ಲಿ.

ಕುಟುಂಬ ಸಣ್ಣದಲ್ಲ. ಹೆಸರಿಟ್ಟಿರುವ ಜಾತಿಗಳೇ 25,000 ದಾಟಿವೆ.

ಸುರಪುರ_ಹತ್ತಿ | ನವೆಂಬರ್ 25, ಬೆಳಿಗ್ಗೆ 11.05

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಬೇಜಾರು ಮಾಡಿಕೊಳ್ಳಬೇಡಿ ಅಕ್ಕಾವ್ರೆ, ಒಂದು ಮಾತು ಹೇಳುತ್ತೇನೆ. ನಾನು ಹಿಂದೊಮ್ಮೆ ಹೀಗೇ 'ಮಿತ್ರ ಕೀಟ ಇವೆ' ಅಂತ ಕೇಳಿ ಔಷಧಿ ಹೊಡೆಯದೆ ಕೂತೆ. ತೊಗರಿ ಹೂವು ಕಾಯಿ ಆಗುವ ಹೊತ್ತು. ಎಂಟು ದಿನದಲ್ಲಿ ಕಾಯಿಯೆಲ್ಲ ತೂತು. ಎರಡು ಎಕರೆಯಲ್ಲಿ ರಾಶಿ ಮಾಡಿದ ಕೂಲಿಯೂ ಹುಟ್ಟಲಿಲ್ಲ. ಮನೆಯವರ ಮುಖ ನೋಡಲು ಆಗಲಿಲ್ಲ. ಕಣಜವನ್ನೇ ನಂಬಿ ಹೊಲ ಬಿಡಿ ಅಂತ ಈ ಹುಡುಗನಿಗೆ ಹೇಳಬೇಡಿ.

ರೆಕ್ಕೆನರ | ನವೆಂಬರ್ 25, ಮಧ್ಯಾಹ್ನ 2.40

ಅಣ್ಣಾ, ಬೇಜಾರು ಯಾಕೆ? ನಿಮ್ಮ ಮಾತು ಇಲ್ಲಿ ಬರಬೇಕಿತ್ತು. ನಷ್ಟ ಅನುಭವಿಸಿದವರಿಗೆ ಗೊತ್ತು ಅದು.

ಕಣಜ ಇದೆ ಅಂತ ಕಣ್ಣು ಮುಚ್ಚಿ ಕೂರಿ ಅಂತ ನಾನು ಹೇಳುವುದಿಲ್ಲ. ಎಣಿಸಿ ಅನ್ನುತ್ತೇನೆ. ಮತ್ತೆ, ತೊಗರಿಯ ಲೆಕ್ಕ ಬೇರೆ, ಕಡಲೆಯ ಲೆಕ್ಕ ಬೇರೆ. ನಿಮಗೆ ಮೋಸ ಆಗಿದ್ದು ಬಹುಶಃ ಅಲ್ಲೇ.

ಕಡಲೆ ಗಿಡ ಕುಳ್ಳಗೆ, ಕೀಡೆ ಎಲೆ ಮೇಲೆ ಬಿಚ್ಚಾಗಿ ಇರುತ್ತದೆ. ಕ್ಯಾಂಪೊಲೆಟಿಸ್‌ಗೆ ಸುಲಭ. ಜೋಳದ ತೆನೆಯಲ್ಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ತೊಗರಿಯಲ್ಲಿ ಹಾಗಲ್ಲ. ಹೂವು, ಕಾಯಿಯ ಮೇಲೆ ಅಂಟು ಕೂದಲು. ಕೀಡೆ ಹೂವಿನೊಳಗೆ, ಕಾಯೊಳಗೆ ತಲೆ ಹಾಕಿ ಕೂತಿರುತ್ತದೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ವರ್ಷಗಟ್ಟಲೆ ಹೊಲಗಳಿಂದ ಕೀಡೆ ತಂದು ಸಾಕಿ ನೋಡಿದಾಗಲೂ ಇದೇ ಕಂಡಿತು: ಕಡಲೆ, ಜೋಳದಲ್ಲಿ ಈ ಕಣಜ ಜಾಸ್ತಿ, ತೊಗರಿಯಲ್ಲಿ ಕಡಿಮೆ. ತೊಗರಿಯಲ್ಲಿ ದೊಡ್ಡ ಕೀಡೆಗಳ ಮೇಲೆ ಟ್ಯಾಕಿನಿಡ್ ಅನ್ನುವ, ಹೀಗೇ ಕೀಡೆಯೊಳಗೆ ಮರಿ ಬೆಳೆಯುವ ನೊಣಗಳ ಪಾಲು ಜಾಸ್ತಿ. ಆದರೆ ದೊಡ್ಡ ಕೀಡೆ ಸಾಯುವ ಹೊತ್ತಿಗೆ ನಮ್ಮ ಕಾಯಿ ತಿಂದು ಮುಗಿಸಿರುತ್ತದೆ.

ಹಾಗಾಗಿ ತೊಗರಿಗೆ ನಮ್ಮ ಹಿರಿಯರ ರೂಢಿಯೇ ಮೊದಲು. ಸಾಲಿನ ಮಧ್ಯೆ ಗೋಣಿತಟ್ಟು ಹಾಸಿ, ಗಿಡ ಝಾಡಿಸಿ, ಬಿದ್ದ ಕೀಡೆ ಎಣಿಸುವುದು, ಆರಿಸುವುದು. ತತ್ತಿ ಕಂಡಾಗಲೇ ಬೇವಿನ ಬೀಜದ ಕಷಾಯ, ನೂರಕ್ಕೆ 5ರಂತೆ. ಗಿಡಕ್ಕೊಂದು ಕೀಡೆ ದಾಟಿತೋ, ಔಷಧಿಗೆ ಹೋಗಲೇಬೇಕು. ಕಡಲೆಯಲ್ಲಿ ಒಂದು ಮೀಟರ್ ಸಾಲಿಗೆ ಒಂದೆರಡು ಕೀಡೆ ಅನ್ನುವುದು ಗಡಿ. ಅಷ್ಟಕ್ಕಿಂತ ಕಡಿಮೆ ಇದ್ದು, ಗೂಡುಗಳೂ ಕಾಣುತ್ತಿದ್ದರೆ, ಕೈ ತಡೆಯಿರಿ. ಎರಡು ದಿನ ಬಿಟ್ಟು ಮತ್ತೆ ಎಣಿಸಿ.

ಇನ್ನೊಂದು. ಎಣ್ಣೆ ಹೊಡೆದರೆ ಕೀಡೆಯ ಜೊತೆ ಕಣಜವೂ ಹೋಗುತ್ತದೆ. ಚಿಟ್ಟೆ ಮತ್ತೆ ಬೇರೆ ಹೊಲದಿಂದ ಹಾರಿ ಬಂದು ತತ್ತಿ ಇಡುತ್ತದೆ. ಕಣಜ ಅಷ್ಟು ಬೇಗ ತಿರುಗಿ ಬರುವುದಿಲ್ಲ.

ಸುರಪುರ_ಹತ್ತಿ | ನವೆಂಬರ್ 25, ಸಂಜೆ 6.15

ಇದು ಸರಿ. ತೊಗರಿ ಲೆಕ್ಕ ಬೇರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಎಣಿಸುವ ಮಾತಾದರೆ ನನ್ನ ಒಪ್ಪಿಗೆ ಇದೆ.

ಭಾಲ್ಕಿ_ಕಬ್ಬು | ನವೆಂಬರ್ 26, ಬೆಳಿಗ್ಗೆ 6.50

ನಮ್ಮ ಕಡೆ ಕಬ್ಬಿಗೆ ಸುಳಿ ಕೊರಕ ಬಂದಾಗ ಟ್ರೈಕೋ ಕಾರ್ಡ್ ಕಟ್ಟುತ್ತೇವೆ. ಸಣ್ಣ ಕಾರ್ಡಿನ ಮೇಲೆ ರವೆ ಉದುರಿಸಿದ ಹಾಗೆ ಇರುತ್ತದೆ. ಅದೂ ಕಣಜವೇ ಅಂತಾರೆ, ನನ್ನ ಕಣ್ಣಿಗೆ ಎಂದೂ ಕಂಡಿಲ್ಲ. ಅದನ್ನೇ ತೊಗರಿಗೆ, ಕಡ್ಲಿಗೆ ಕಟ್ಟಿದರೆ ಆಗುವುದಿಲ್ಲವಾ ತಂಗಿ? ಕೀಡೆ ಹುಟ್ಟುವ ಮೊದಲೇ ಮುಗಿದು ಹೋಗುತ್ತದೆ.

ರೆಕ್ಕೆನರ | ನವೆಂಬರ್ 26, ಬೆಳಿಗ್ಗೆ 9.30

ಕಾಕಾ, ಕಣ್ಣಿಗೆ ಕಾಣದಿದ್ದುದರಲ್ಲಿ ತಪ್ಪಿಲ್ಲ. ಟ್ರೈಕೋಗ್ರಾಮ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಆ ರವೆ ಅಕ್ಕಿ ಪತಂಗದ ಮೊಟ್ಟೆ, ಅದರೊಳಗೆ ಈ ಕಣಜ ಬೆಳೆಯುತ್ತಿರುತ್ತದೆ. ಇದು ಇಕ್ನ್ಯೂಮೊನಿಡೆ ಅಲ್ಲ, ಟ್ರೈಕೋಗ್ರಾಮಟಿಡೆ ಅನ್ನುವ ಬೇರೆ ಕುಟುಂಬ. ಸೂಕ್ಷ್ಮದರ್ಶಕದಲ್ಲಿ ಪಾದ ನೋಡಿದರೆ ಮೂರೇ ಗೆಣ್ಣು. ಅದೇ ಅದರ ಗುರುತು. ಇಕ್ನ್ಯೂಮೊನಿಡೆಗೆ ಐದು ಗೆಣ್ಣು.

ಕಬ್ಬಿನಲ್ಲಿ ಕಾರ್ಡ್ ಸರಿ. ಕಡಲೆಯಲ್ಲಿ ಆಗುವುದಿಲ್ಲ, ಯಾಕೆಂದರೆ ಕಡಲೆ ಹುಳಿ. ಬೆಳಗಿನ ಜಾವ ಇಬ್ಬನಿ ಬಿದ್ದ ಕಡಲೆ ಗಿಡದ ಮೇಲೆ ಬಟ್ಟೆ ಎಳೆದು ಹುಳಿ ಹಿಂಡುತ್ತಿದ್ದರಲ್ಲ, ಹೊಟ್ಟೆನೋವಿಗೆ ಅಂತ? ಅದೇ ಹುಳಿ. ಅರ್ಧ ಮಿಲಿಮೀಟರ್ ಪ್ರಾಣಿ ಆ ಹುಳಿಯಲ್ಲಿ ನಡೆಯುವುದು ಹೇಗೆ? ತೊಗರಿಯಲ್ಲಿ ಅಂಟು ಕೂದಲು. ಎರಡೂ ಕಡೆ ಅದರ ಕಾಲು ಸಿಕ್ಕಿಕೊಳ್ಳುತ್ತದೆ. ಅದೇ ಹೆಲಿಕೋವರ್ಪಾ ತತ್ತಿ ಜೋಳದ ಮೇಲಿದ್ದರೆ ಹುಡುಕಿ ಹುಡುಕಿ ಮೊಟ್ಟೆ ಇಡುತ್ತದೆ. ಕ್ಯಾಂಪೊಲೆಟಿಸ್ ಉದ್ದ ಕಾಲಿನದು, ಅದಕ್ಕೆ ಕಡಲೆ ಹುಳಿ ಅಡ್ಡಿ ಆಗುವುದಿಲ್ಲ.

ಕಬ್ಬಿನ ಗದ್ದೆಯಲ್ಲಿ ಹಳದಿ ಮೈ, ಕಪ್ಪು ಚುಕ್ಕೆ ಇರುವ ಗಟ್ಟಿಮುಟ್ಟು ಕಣಜ ಕಂಡರೆ ಫೋಟೋ ತೆಗೆಯಿರಿ ಕಾಕಾ. ಜಾಂಥೊಪಿಂಪ್ಲಾ ಇರಬಹುದು. ಅದು ಇದೇ ಕುಟುಂಬ, ಆದರೆ ಕೀಡೆಗಲ್ಲ, ಕೀಡೆ ಚಿಟ್ಟೆಯಾಗುವ ಮುಂಚಿನ ಕೋಶಕ್ಕೆ (ಪ್ಯೂಪಾ) ಚುಚ್ಚುತ್ತದೆ.

ಬೀದರ್_ಟೀಚರ್ | ನವೆಂಬರ್ 27, ರಾತ್ರಿ 8.40

ಮೇಡಂ, ನನ್ನದೂ ಒಂದು. ಮಳೆಗಾಲದಲ್ಲಿ ನಮ್ಮ ವರಾಂಡದ ಟ್ಯೂಬ್‌ಲೈಟಿಗೆ ಕಿತ್ತಳೆ ಬಣ್ಣದ, ಬಡಕಲು ಕಣಜ ಬರುತ್ತಿತ್ತು. ಉದ್ದ ಕಾಲು, ಉದ್ದ ಮೀಸೆ, ಹೊಟ್ಟೆ ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ, ಕುಡುಗೋಲಿನಂತೆ ಬಾಗಿತ್ತು. ಮಕ್ಕಳು ದೊಡ್ಡ ಸೊಳ್ಳೆ ಅಂದವು. ನನ್ನ ಮಗಳು ಹಿಡಿಯಲು ಹೋಗಿ ಚುಚ್ಚಿಸಿಕೊಂಡಳು. ಸ್ವಲ್ಪ ಹೊತ್ತು ಉರಿ, ಆಮೇಲೆ ಏನಿಲ್ಲ. ಇದೂ ಇವರ ಮನೆತನವಾ?

ರೆಕ್ಕೆನರ | ನವೆಂಬರ್ 27, ರಾತ್ರಿ 10.05

ಖಂಡಿತ ಇವರದೇ ಮನೆತನ ಟೀಚರ್. ರಾತ್ರಿ ಓಡಾಡುವ ಗುಂಪು. ಕತ್ತಲಲ್ಲಿ ಕಾಣಬೇಕಲ್ಲ, ಅದಕ್ಕೆ ತಲೆಯ ಮೇಲಿನ ಮೂರು ಪುಟಾಣಿ ಕಣ್ಣುಗಳು ಇವಕ್ಕೆ ದಪ್ಪಗಿರುತ್ತವೆ. ಸೊಳ್ಳೆಗೆ ಎರಡು ರೆಕ್ಕೆ, ಇದಕ್ಕೆ ನಾಲ್ಕು. ಮಕ್ಕಳಿಗೆ ಅದನ್ನು ಎಣಿಸಲು ಹೇಳಿ.

ಕಿತ್ತಳೆ ಬಣ್ಣದವು ಮುಖ್ಯವಾಗಿ ಎರಡು ಬಗೆ. ನೆಟೇಲಿಯಾ ಒಂದು, ಎನಿಕೋಸ್ಪೈಲಸ್ ಇನ್ನೊಂದು. ಎರಡೂ ಒಂದೇ ತರಹ ಕಾಣುತ್ತವೆ, ಆದರೆ ರೆಕ್ಕೆ ನೋಡಿದರೆ ಬೇರೆ. ಎನಿಕೋಸ್ಪೈಲಸ್ ಮುಂದಿನ ರೆಕ್ಕೆಯಲ್ಲಿ ಕೂದಲಿಲ್ಲದ ಬೋಳು ಜಾಗ ಇರುತ್ತದೆ. ಹೆಚ್ಚಿನವುಗಳಲ್ಲಿ ಅದರೊಳಗೆ ಕಂದು ಬಣ್ಣದ ಗಟ್ಟಿ ಚುಕ್ಕೆಗಳು, ಗಾಜಿನ ಮೇಲೆ ಬೆಲ್ಲದ ಪಾಕದ ಹನಿ ಬಿದ್ದ ಹಾಗೆ. ನೆಟೇಲಿಯಾಕ್ಕೆ ಅದಿಲ್ಲ. ಎನಿಕೋಸ್ಪೈಲಸ್ ಕೀಡೆಯ ಒಳಗೆ ಮೊಟ್ಟೆ ಇಡುತ್ತದೆ. ನೆಟೇಲಿಯಾ ಹೊರಗೆ ಇಡುತ್ತದೆ. ಮೊಟ್ಟೆಗೆ ಒಂದು ತೊಟ್ಟು, ಆ ತೊಟ್ಟನ್ನು ಕೀಡೆಯ ಚರ್ಮಕ್ಕೆ ಸಿಕ್ಕಿಸಿ ಹೋಗುತ್ತದೆ. ಮಗಳಿಗೆ ಚುಚ್ಚಿದ್ದು ಮೊಟ್ಟೆ ಇಡುವ ಸೂಜಿಯಿಂದ. ಗಂಡಿಗೆ ಆ ಸೂಜಿ ಇರುವುದಿಲ್ಲ, ಹಾಗಾಗಿ ಅದು ಹೆಣ್ಣೇ.

ಆಳಂದ_ಹೊಲ | ಡಿಸೆಂಬರ್ 2, ಬೆಳಿಗ್ಗೆ 7.20

ಅಕ್ಕಾ, ಬಂತು!! ಒಟ್ಟು ಏಳು ಬಾಟಲಿ (ಅಪ್ಪ ಹೇಳಿದಂತೆ ಆ ಸಂಜೆ ಎರಡು ತಂದು ಕೊಟ್ಟಿದ್ದರು). ನಿನ್ನೆ ಸಂಜೆ ಒಂದರಲ್ಲಿ, ಇವತ್ತು ಬೆಳಿಗ್ಗೆ ಮೂರರಲ್ಲಿ ಕಣಜ. ಗೂಡಿನ ತುದಿ ದುಂಡಗೆ ಕಡಿದು ಹೊರಬಂದಿವೆ. ಮೈ ಕಪ್ಪು, ಕಾಲು ಕೆಂಪು ಹಳದಿ, ಹೊಟ್ಟೆಯ ಪಕ್ಕದಲ್ಲಿ ಕೆಂಪು. ಅರ್ಧ ಸೆಂಟಿಮೀಟರ್‌ಗಿಂತ ಒಂಚೂರು ಜಾಸ್ತಿ. ಸೊಂಟ ದಾರದಷ್ಟು ಸಣ್ಣ. ಮೀಸೆ ಒಂದು ನಿಮಿಷ ಸುಮ್ನೆ ಇರುವುದಿಲ್ಲ.

ಮೂರು ಬಾಟಲಿ ಹಾಗೇ ಇವೆ.

ಇದು ಇಕ್ನ್ಯೂಮೊನಿಡೆ ಅಂತ ನಾನೇ ಗುರುತು ಹಿಡಿಯುವುದು ಹೇಗೆ? ಸಾಯಿಸಲು ಮನಸ್ಸಿಲ್ಲ.

ರೆಕ್ಕೆನರ | ಡಿಸೆಂಬರ್ 2, ಬೆಳಿಗ್ಗೆ 9.00

ಸಾಯಿಸುವುದು ಬೇಡ. ಬಾಟಲಿಯನ್ನು ಐದು ನಿಮಿಷ ಫ್ರಿಜ್‌ನಲ್ಲಿಡಿ, ಮಂಪರು ಬರುತ್ತದೆ. ಬಿಳಿ ಕಾಗದದ ಮೇಲೆ ಬಿಟ್ಟು, ಮೊಬೈಲ್ ಮುಂದೆ ಭೂತಕನ್ನಡಿ ಹಿಡಿದು ಫೋಟೋ ತೆಗೆಯಿರಿ. ಮತ್ತೆ ಎಚ್ಚರ ಆಗಲು ಒಂದೆರಡು ನಿಮಿಷ ಸಿಗುತ್ತದೆ. ಆಮೇಲೆ ಹೊಲಕ್ಕೆ ಬಿಟ್ಟುಬಿಡಿ.

ಈಗ ಏನು ನೋಡಬೇಕು ಅಂದರೆ, ಮೊದಲು ಮೀಸೆ. ಉದ್ದವಾಗಿ, ದಾರದ ಹಾಗೆ, ಎಲ್ಲೂ ಮೊಣಕೈ ಇಲ್ಲದೆ ಇರಬೇಕು. ಗೆಣ್ಣು ಎಣಿಸಿದರೆ 16ಕ್ಕಿಂತ ಜಾಸ್ತಿ. ಇಕ್ನ್ಯೂಮೊನಿಡೆಗೂ ಅದರ ತಂಗಿ ಕುಟುಂಬ ಬ್ರಾಕೊನಿಡೆಗೂ ಇದು ಸಮಾನ. ಹಾಗಾಗಿ ಮೀಸೆ ನಮ್ಮನ್ನು ಬಾಗಿಲವರೆಗೆ ಮಾತ್ರ ತಂದು ಬಿಡುತ್ತದೆ.

ಒಳಗೆ ಹೋಗಲು ಮುಂದಿನ ರೆಕ್ಕೆ ಬೇಕು. ರೆಕ್ಕೆಯನ್ನು ಕಿಟಕಿ ಅಂದುಕೊಳ್ಳಿ. ನರಗಳು ಅದರ ಚೌಕಟ್ಟು, ನಡುವಿನ ಜಾಗ ಗಾಜು. ಮೇಲಿನ ಅಂಚಿನಲ್ಲಿ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಅಲ್ಲಿಂದ ಕಣ್ಣನ್ನು ಕೆಳಗೆ ಇಳಿಸಿ. ರೆಕ್ಕೆಯ ಕೆಳ ಅರ್ಧದಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ ಅಡ್ಡ ನರಗಳು ಎಷ್ಟು? ಒಂದು ರೆಕ್ಕೆಯ ನಡುವಿಗೆ ಇರುತ್ತದೆ. ಅದರಿಂದ ಹೊರಗೆ, ತುದಿಯ ಕಡೆ, ಇನ್ನೊಂದು ಇದ್ದರೆ ಇಕ್ನ್ಯೂಮೊನಿಡೆ. ಎರಡನೆಯದು ಇಲ್ಲದಿದ್ದರೆ ಬ್ರಾಕೊನಿಡೆ. ಈ ಎರಡನೇ ಅಡ್ಡ ನರ ಒಂದನ್ನು ಗುರುತು ಹಿಡಿಯಲು ಕಲಿತರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ನಿಮ್ಮ ಉತ್ತರ ಸರಿ ಇರುತ್ತದೆ.

ಆಮೇಲೆ ರೆಕ್ಕೆಯ ಮಧ್ಯದ ದೊಡ್ಡ ಕೋಣೆ ನೋಡಿ. ಇಕ್ನ್ಯೂಮೊನಿಡೆಯಲ್ಲಿ ಎರಡು ಕೋಣೆಗಳ ನಡುವಿನ ಗೋಡೆ ಬಿದ್ದು ಒಂದೇ ದೊಡ್ಡ ಕೋಣೆ ಆಗಿದೆ. ಅದರ ಆಕಾರ ಕುದುರೆ ಮುಖದ ಹಾಗೆ. ಒಂದು ಸಲ ಕಂಡರೆ ಆಮೇಲೆ ಮರೆಯುವುದಿಲ್ಲ. ಬ್ರಾಕೊನಿಡೆಯಲ್ಲಿ ಸಾಮಾನ್ಯವಾಗಿ ಆ ಗೋಡೆ ನಿಂತಿರುತ್ತದೆ.

ಕ್ಯಾಂಪೊಲೆಟಿಸ್‌ಗೆ ಇನ್ನೂ ಒಂದು ಚೆಂದದ ಗುರುತಿದೆ. ಕುದುರೆ ಮುಖದಿಂದ ಹೊರಗೆ, ಒಂದು ಪುಟಾಣಿ ಮುಚ್ಚಿದ ಕೋಣೆ. ಮೇಲಿನ ನರಕ್ಕೆ ಅದು ಒಂದು ತೊಟ್ಟಿನಿಂದ ನೇತುಬಿದ್ದಿರುತ್ತದೆ, ಟೊಂಗೆಗೆ ಬಾರೆಹಣ್ಣು ನೇತುಬಿದ್ದ ಹಾಗೆ.

ಬ್ರಾಕೊನಿಡೆ ಗೂಡುಗಳೂ ನಿಮ್ಮ ಹೊಲದಲ್ಲಿ ಸಿಗಬಹುದು. ಒಂದೇ ಕೀಡೆಯ ಮೇಲೆ ಬಿಳಿ ಹತ್ತಿ ಮೆತ್ತಿದಂತೆ ಹತ್ತಾರು ಸಣ್ಣ ಗೂಡು ಕಂಡರೆ ಅದು ಆ ಕುಟುಂಬದ ಕೊಟೇಶಿಯಾ ಇರಬಹುದು. ಕ್ಯಾಂಪೊಲೆಟಿಸ್ ಹಾಗಲ್ಲ. ಒಂದು ಕೀಡೆಗೆ ಒಂದೇ ಗೂಡು. ಎರಡು ತಾಯಂದಿರು ಒಂದೇ ಕೀಡೆಗೆ ಮೊಟ್ಟೆ ಇಟ್ಟರೂ ಒಳಗೆ ಮರಿಗಳು ಕಾದಾಡಿ ಒಂದೇ ಉಳಿಯುತ್ತದೆ.

ಆಳಂದ_ಹೊಲ | ಡಿಸೆಂಬರ್ 2, ಮಧ್ಯಾಹ್ನ 3.50

ಅಕ್ಕಾ, ಕುದುರೆ ಮುಖ ಕಂಡೆ!! ನನ್ನ ತಂಗಿಗೆ ನನಗಿಂತ ಮೊದಲು ಕಂಡಿತು. ಎರಡನೇ ಅಡ್ಡ ನರ ಇದೆ. ಬಾರೆಹಣ್ಣೂ ಇದೆ, ತೊಟ್ಟು ಸ್ಪಷ್ಟ. ನಾಲ್ಕರಲ್ಲಿ ಮೂರಕ್ಕೆ ಹಿಂದೆ ಸಣ್ಣ ಸೂಜಿ ಇದೆ, ಒಂದಕ್ಕೆ ಇಲ್ಲ. ಅಂದರೆ ಮೂರು ಹೆಣ್ಣು, ಒಂದು ಗಂಡು, ಸರಿನಾ?

ಕಡ್ಲಿಯಲ್ಲಿ ಹತ್ತು ಕಡೆ ಒಂದೊಂದು ಮೀಟರ್ ಎಣಿಸಿದೆವು. ಒಟ್ಟು ಆರು ಕೀಡೆ ಸಿಕ್ಕವು. ಎಣ್ಣೆ ಹೊಡೆದಿಲ್ಲ. ತೊಗರಿಯಲ್ಲಿ ಝಾಡಿಸಿದಾಗ ಜಾಸ್ತಿ ಬಿದ್ದವು, ಅಲ್ಲಿ ಹೊಡೆದೆವು. ನಾಲ್ಕು ಕಣಜಗಳನ್ನೂ ಕಡ್ಲಿಯಲ್ಲಿ ಬಿಟ್ಟೆವು.

ರೆಕ್ಕೆನರ | ಡಿಸೆಂಬರ್ 2, ಸಂಜೆ 5.10

ಸರಿ ಇದೆ! ಕಣಜಗಳಲ್ಲಿ ಗಂಡು ಹೆಣ್ಣಿನ ಲೆಕ್ಕವೇ ಬೇರೆ. ಗಂಡಿನ ಜೊತೆ ಕೂಡದ ಹೆಣ್ಣು ಇಟ್ಟ ಮೊಟ್ಟೆಯೂ ಒಡೆಯುತ್ತದೆ, ಆದರೆ ಅದರಿಂದ ಗಂಡು ಮಾತ್ರ ಬರುತ್ತದೆ. ಕೂಡಿದ ಹೆಣ್ಣಿಗೆ ಮಾತ್ರ ಹೆಣ್ಣುಮಕ್ಕಳು.

ಮುಂದಿನ ವರ್ಷ ಕಡಲೆ ಮಧ್ಯೆ ಕೊತ್ತಂಬರಿಯ ಸಾಲು ಹಾಕಿ. ಅದರ ಹೂವು ಬಿಚ್ಚಾಗಿರುತ್ತದೆ, ಸಣ್ಣ ಬಾಯಿಯ ಈ ಕಣಜಕ್ಕೆ ಮಕರಂದ ಸಿಗುತ್ತದೆ. ಕೊತ್ತಂಬರಿ ಹಾಕಿದ ಕಡಲೆಯಲ್ಲಿ ಕ್ಯಾಂಪೊಲೆಟಿಸ್ ಹೆಚ್ಚಿರುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ನಮ್ಮ ಹಿರಿಯರ ಅಕ್ಕಡಿ ಸಾಲಿನಲ್ಲಿ ಇದೆಲ್ಲ ಇತ್ತು.

ಭಾಲ್ಕಿ_ಕಬ್ಬು | ಡಿಸೆಂಬರ್ 3, ಬೆಳಿಗ್ಗೆ 6.30

ನಮ್ಮ ತಂದೆಯವರು ಕಡ್ಲಿ ಸುತ್ತ ಕುಸುಬಿ, ನಡುವೆ ಅಗಸಿ, ಕೊತ್ತಂಬರಿ ಹಾಕುತ್ತಿದ್ದರು. ಮನೆ ಖರ್ಚಿಗೆ ಅಂತ ತಿಳಿದಿದ್ದೆ. ಈಗ ಒಂದು ಸಾಲೂ ಇಲ್ಲ ನಮ್ಮಲ್ಲಿ. ಈ ಸಲ ಬೀಜ ಎತ್ತಿಡುತ್ತೇನೆ.

ಆಳಂದ_ಹೊಲ | ಡಿಸೆಂಬರ್ 13, ಬೆಳಿಗ್ಗೆ 8.00

ಅಕ್ಕಾ, ಒಂದು ಗೊಂದಲ. ಉಳಿದ ಮೂರು ಬಾಟಲಿಗಳಲ್ಲಿ ಎರಡರಿಂದ ಇವತ್ತು ಹುಳ ಬಂದಿವೆ. ಆದರೆ ಇವು ಬೇರೆ. ತುಂಬಾ ಸಣ್ಣ, ಎಳ್ಳಿನಷ್ಟು. ಬಿಸಿಲಿಗೆ ಹಿಡಿದರೆ ಹಸಿರು ಲೋಹದಂತೆ ಹೊಳೆಯುತ್ತದೆ. ಮೀಸೆ ಮೊಣಕೈ ಹಾಗೆ ಬಾಗಿದೆ. ರೆಕ್ಕೆಯಲ್ಲಿ ಕುದುರೆ ಮುಖ ಹುಡುಕಿದೆ, ಏನೂ ಇಲ್ಲ. ಮುಂದಿನ ಅಂಚಿನಲ್ಲಿ ಒಂದೇ ಒಂದು ನರ, ಉಳಿದದ್ದು ಬರೀ ಗಾಜು. ಗೂಡಿನ ಪಕ್ಕದಲ್ಲಿ ಸೂಜಿ ಚುಚ್ಚಿದಂಥ ತೂತು.

ಒಂದೇ ಗೂಡು, ಬೇರೆ ಹುಳ. ಹೇಗೆ?

ರೆಕ್ಕೆನರ | ಡಿಸೆಂಬರ್ 13, ಬೆಳಿಗ್ಗೆ 10.45

ತಮ್ಮಾ, ಎಷ್ಟು ಚೆನ್ನಾಗಿ ನೋಡಿದ್ದೀರಿ! ಇದು ಕಣಜದ ಮೇಲಿನ ಕಣಜ. ಕೀಡೆಯನ್ನು ಕ್ಯಾಂಪೊಲೆಟಿಸ್ ತಿಂದು ಗೂಡು ನೇಯಿತು. ಆ ಗೂಡಿಗೆ ಇದು ಹೊರಗಿಂದ ಸೂಜಿ ಇಳಿಸಿ, ಒಳಗಿನ ಕ್ಯಾಂಪೊಲೆಟಿಸ್ ಮೇಲೆ ಮೊಟ್ಟೆ ಇಟ್ಟಿತು. ನೀವು ಗೂಡು ಕಿತ್ತು ತರುವ ಮೊದಲೇ ಹೊಲದಲ್ಲಿ ಆ ಕೆಲಸ ಮುಗಿದಿತ್ತು. ಹೊಳಪು ಮೈ, ಬಾಗಿದ ಮೀಸೆ, ರೆಕ್ಕೆಗೆ ಒಂದೇ ನರ: ಇದು ಕ್ಯಾಲ್ಸಿಡ್ ಗುಂಪು. ಫೋಟೋದಿಂದ ಇದಕ್ಕಿಂತ ಮುಂದೆ ಹೆಸರು ಹೇಳುವುದು ಸರಿಯಲ್ಲ.

ಹಾಗಂತ ಕ್ಯಾಲ್ಸಿಡ್ ಗುಂಪೆಲ್ಲ ಕೆಟ್ಟದ್ದು ಅಂದುಕೊಳ್ಳಬೇಡಿ. ಕಾಕಾ ಕಟ್ಟುವ ಟ್ರೈಕೋ ಕಾರ್ಡಿನ ಕಣಜ ಇದೇ ಗುಂಪು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಮೊದಲು ಕಂಡು, ಆಮೇಲೆ ನಮ್ಮ ರಾಜ್ಯಕ್ಕೂ ಹಬ್ಬಿ ತೋಟಗಳೆಲ್ಲ ಬೆಳ್ಳಗಾಗಿದ್ದವು. 2010ರಲ್ಲಿ ಪೋರ್ಟೊರಿಕೊದಿಂದ ಅಸೆರೊಫೇಗಸ್ ಪಪಾಯೆ ಅನ್ನುವ ಕಣಜ ತಂದು ಬಿಟ್ಟರು, ತಿಗಣೆ ಹತೋಟಿಗೆ ಬಂತು. ಅದೂ ಕ್ಯಾಲ್ಸಿಡ್. ತೊಗರಿ ಕಾಯಿನೊಣದ ಮರಿಯನ್ನು ಕಾಯೊಳಗೇ ಮುಗಿಸುವ ಓರ್ಮೈರಸ್, ಯೂರಿಟೋಮಾ ಕೂಡ ಕ್ಯಾಲ್ಸಿಡ್. ಇದೇ ಗುಂಪಿನಲ್ಲಿ ಟನಾವೋಸ್ಟಿಗ್ಮೋಡಿಸ್ ಅನ್ನುವ ಒಂದಿದೆ. ಅದು ಬೇರೆ ಹುಳ ತಿನ್ನುವುದೇ ಇಲ್ಲ, ಎಳೆ ತೊಗರಿ ಕಾಯಿಯ ಕಾಳನ್ನೇ ತಿನ್ನುತ್ತದೆ. ಹೊಳೆಯುವುದೆಲ್ಲ ಶತ್ರು ಅಲ್ಲ, ಕಣಜ ಎಲ್ಲ ಮಿತ್ರನೂ ಅಲ್ಲ. ಯಾರ ಮೇಲೆ ಯಾರು ಕೂತಿದ್ದಾರೆ ಅನ್ನುವುದನ್ನು ಬಾಟಲಿಯಲ್ಲಿ ಸಾಕಿಯೇ ತಿಳಿಯಬೇಕು.

ಏಳನೆಯದು?

ಚಿತ್ತಾಪುರ_ಹುಡುಗಿ | ಡಿಸೆಂಬರ್ 13, ಮಧ್ಯಾಹ್ನ 12.30

ನಾನೂ ಭೂತಕನ್ನಡಿ ತಂದೆ. ನಮ್ಮ ಊರ ಕಡ್ಲಿಯಲ್ಲಿ ಮೂರು ಗೂಡು ಸಿಕ್ಕಿವೆ. ಬಾಟಲಿಗೆ ಹಾಕಿದ್ದೇನೆ.

ಆಳಂದ_ಹೊಲ | ಡಿಸೆಂಬರ್ 21, ಬೆಳಿಗ್ಗೆ 9.40

ಏಳನೆಯದರಿಂದ ಏನೂ ಬರಲಿಲ್ಲ. ಬ್ಲೇಡಿನಿಂದ ಸೀಳಿದೆ. ಒಳಗೆ ಪೂರ್ತಿ ಬೆಳೆದ ಕ್ಯಾಂಪೊಲೆಟಿಸ್, ಕಾಲು ಮಡಚಿಕೊಂಡು, ರೆಕ್ಕೆ ಬಿಚ್ಚದೆ ಹಾಗೇ ಒಣಗಿದೆ. ಹೊರಗೆ ಬರಲು ಆಗಿಲ್ಲ ಅನ್ನಿಸುತ್ತದೆ. ನೋಡಿ ಮನಸ್ಸಿಗೆ ಒಂಥರಾ ಆಯಿತು.

ನಿನ್ನೆ ಎಳ್ಳಮಾವಾಸ್ಯೆ. ಬಂಧುಗಳೆಲ್ಲ ಹೊಲಕ್ಕೆ ಬಂದಿದ್ದರು. ಚರಗ ಚೆಲ್ಲಿ ಬಂದು ಭಜ್ಜಿ, ಸಜ್ಜಿ ರೊಟ್ಟಿ ಉಣ್ಣಲು ಕೂತಾಗ ಅಪ್ಪ ಕಾಣಲಿಲ್ಲ. ನೋಡಿದರೆ ಕಡ್ಲಿ ಸಾಲಿನಲ್ಲಿ ಬಗ್ಗಿಕೊಂಡು ನಮ್ಮ ಮಾಮಾರಿಗೆ ಗೂಡು ತೋರಿಸುತ್ತಿದ್ದರು. ಇನ್ನೂ ನಾಲ್ಕು ಗೂಡು ತಂದಿದ್ದಾರೆ. ಜೊತೆಗೆ ಹೂವಿನ ಮೇಲಿದ್ದ ಒಂದು ಕಣಜವನ್ನೂ ಟೋಪಿಯಲ್ಲಿ ಹಿಡಿದಿದ್ದಾರೆ. ನಮಗೆ ಕಂಡ ಕ್ಯಾಂಪೊಲೆಟಿಸ್‌ಗಿಂತ ದೊಡ್ಡದು, ಟೋಪಿಯಲ್ಲೇ ಸತ್ತುಹೋಗಿತ್ತು. ಇದನ್ನು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸೋಣ ಅಂತಿದ್ದೇನೆ. ಹೇಗೆ ಒಯ್ಯಬೇಕು?

ರೆಕ್ಕೆನರ | ಡಿಸೆಂಬರ್ 21, ಬೆಳಿಗ್ಗೆ 11.20

ಒಣ ಕಾಗದದಲ್ಲಿ ಸುತ್ತಬೇಡಿ, ಮೀಸೆ ಮುರಿಯುತ್ತದೆ. ಸಣ್ಣ ಬಾಟಲಿಯಲ್ಲಿ ಆಲ್ಕೋಹಾಲ್ ಹಾಕಿ ಮುಳುಗಿಸಿ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಸಾಕು. ಒಳಗೇ ಒಂದು ಚೀಟಿ ಹಾಕಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಮಸಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ. ಊರು, ಬೆಳೆ, ಯಾವುದರ ಮೇಲೆ ಸಿಕ್ಕಿತು, ತಾರೀಕು, ಹಿಡಿದವರ ಹೆಸರು. ಚೀಟಿ ಇಲ್ಲದ ಕಣಜದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಆಳಂದ_ಹೊಲ | ಡಿಸೆಂಬರ್ 21, ಮಧ್ಯಾಹ್ನ 12.05

ಬರೆದೆ ಅಕ್ಕಾ. ಹೀಗೆ ಸಾಕಾ?

"ಆಳಂದ ತಾಲ್ಲೂಕು. ಕಡ್ಲಿ ಹೊಲ, ಅಂಚಿನ ಕೊತ್ತಂಬರಿ ಹೂವಿನ ಮೇಲೆ. ಡಿಸೆಂಬರ್ 20, ಎಳ್ಳಮಾವಾಸ್ಯೆ, ಮಧ್ಯಾಹ್ನ. ಹಿಡಿದವರು: ಅಪ್ಪ."

ರೆಕ್ಕೆನರ | ಡಿಸೆಂಬರ್ 21, ಮಧ್ಯಾಹ್ನ 12.20

'ಅಪ್ಪ' ಅನ್ನುವ ಕಡೆ ಅವರ ಪೂರ್ತಿ ಹೆಸರು ಬರೆಯಿರಿ ತಮ್ಮಾ. ಮಾದರಿ ಪೆಟ್ಟಿಗೆಯಲ್ಲಿ ಆ ಚೀಟಿ ಕಣಜದ ಜೊತೆಗೇ ಇರುತ್ತದೆ.